ದೋಣಿಯವಳ ದೀಪ

ಏಪ್ರಿಲ್ 14

ಎರಡು ಮಿಕ್ಸಿ, ಒಂದು ಟೇಬಲ್ ಫ್ಯಾನ್, ಒಂದು ನೀರಿನ ಪಂಪು. ಪಂಪಿನ ತಾಮ್ರದ ತಂತಿಯ ಕಾಯಿಲ್ ಸುಟ್ಟು ಕರಕಲು. "ಸುಮ್ಮನೆ ನಿಂತುಹೋಯ್ತು" ಅನ್ನುತ್ತಾರೆ ತಂದವರು. ಯಾವ ಮೋಟಾರೂ ಸುಮ್ಮನೆ ನಿಲ್ಲುವುದಿಲ್ಲ.

ಇವಳಿಗೆ, ನನ್ನ ಹೆಂಡತಿಗೆ, ಆಸ್ಪತ್ರೆಯಲ್ಲಿ ಹಗಲು ಡ್ಯೂಟಿ. ಹಾಗಾಗಿ ಮಗಳು ಬೆಳಗ್ಗೆಯಿಂದ ನನ್ನ ಜೊತೆ ರಿಪೇರಿ ಅಂಗಡಿಯಲ್ಲೇ. ಹೊಸ ಹೈಸ್ಕೂಲಿನವರು ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟು ಕಳಿಸಿದ್ದಾರೆ. ರಜೆಯಲ್ಲಿ ಓದಿ ಮುಗಿಸಬೇಕು. ಶಾಲೆ ತೆರೆದ ಮೊದಲ ವಾರ ಕ್ಲಾಸಿನ ಮುಂದೆ ನಿಂತು ಇಂಗ್ಲಿಷಿನಲ್ಲೇ ಅದರ ಬಗ್ಗೆ ಮಾತಾಡಬೇಕು. ಬಾಯಿ ಬಿಡದವರನ್ನು ಕೊನೆಯ ಸೆಕ್ಷನ್ನಿಗೆ ತಳ್ಳುತ್ತಾರಂತೆ. ಇಷ್ಟು ವರ್ಷ ನಮ್ಮ ಭಾಷೆಯಲ್ಲೇ ಓದಿದ ಹುಡುಗಿ. ಒಂದು ಪುಟಕ್ಕೆ ಅರ್ಧ ದಿನ. ಪುಸ್ತಕಕ್ಕಿಂತ ಡಿಕ್ಷನರಿಯ ಹಾಳೆ ಮಗುಚುವ ಸದ್ದೇ ಹೆಚ್ಚು.

"ಜೋರಾಗಿ ಓದು, ನಂಗೂ ಹೊತ್ತು ಹೋಗುತ್ತೆ" ಎಂದೆ.

"ನಿಂಗೆ ಅರ್ಥ ಆಗುತ್ತಾ ಅಪ್ಪ?"

"ನೀನು ಬಿಡಿಸಿ ಹೇಳಿದ್ರೆ ಆಗುತ್ತೆ."

ಏಪ್ರಿಲ್ 18

ಕಥೆ ಒಬ್ಬ ಹೆಂಗಸಿನದು. ನದಿ ದಾಟಿಸುವ ದೋಣಿ ಅವಳದು. ಒಂಟಿ ಜೀವ, ಬಾಯಿ ಬಲು ಜೋರು. ಪಕ್ಕದಲ್ಲೇ ಸೇತುವೆ ಏಳುತ್ತಿದೆ. ಅದು ಮುಗಿದರೆ ದೋಣಿ ಯಾರಿಗೆ ಬೇಕು... ಅವಳೋ, ಅಲ್ಲಿನ ಕೆಲಸಗಾರರನ್ನೂ ದಿನಾ ತಾನೇ ದಾಟಿಸುತ್ತಾಳೆ.

ಮಗಳು ಒಂದು ಸಾಲು ಇಂಗ್ಲಿಷಿನಲ್ಲಿ ಓದುತ್ತಾಳೆ, ಆಮೇಲೆ ನಮ್ಮ ಮಾತಿನಲ್ಲಿ ಹೇಳುತ್ತಾಳೆ. ದೋಣಿ ನಡುನೀರಿನಲ್ಲಿ ಸುಳಿಗೆ ಸಿಕ್ಕಿತು. ನನಗೆ ಕಾಯಿಲ್ ಸುತ್ತಿನ ಲೆಕ್ಕ ತಪ್ಪಿತು. ಎಲ್ಲ ಬಿಚ್ಚಿ ಮೊದಲಿನಿಂದ ಸುತ್ತಿದೆ.

"ಅಪ್ಪ, ನಿಲ್ಲಿಸ್ಲಾ?"

"ದಡ ಸೇರಿಸಿ ನಿಲ್ಸು."

ಏಪ್ರಿಲ್ 25

ಭಾವ ಬಂದಿದ್ದರು. ಇವಳ ಅಣ್ಣ. ಅವರ ಮಗನೂ ಅದೇ ಶಾಲೆ, ಅದೇ ಕ್ಲಾಸು, ಅದೇ ಪುಸ್ತಕ. ಎಲ್ಲಿಂದಲೋ ನೋಟ್ಸ್ ತರಿಸಿದ್ದಾರೆ. ನಾಲ್ಕು ಹಾಳೆ. ನಮಗೂ ಒಂದು ಝೆರಾಕ್ಸ್.

"ಇದನ್ನ ಬಾಯಿಪಾಠ ಮಾಡಿಸಿ. ಪುಸ್ತಕ ಓದ್ತಾ ಕೂತ್ರೆ ಮುದುಕಿ ಆಗ್ತಾಳೆ."

ಇವಳಿಗೂ ಅದೇ ಸರಿ ಅನ್ನಿಸಿತು. ಹೊಸ ಶಾಲೆ, ಎಲ್ಲರೆದುರು ಮುಖಭಂಗ ಆಗಬಾರದಲ್ಲ. ನಾನೂ ತಲೆಯಾಡಿಸಿದೆ. ಮಗಳು ಮೊದಲ ಹಾಳೆ ನೋಡಿ ಮಡಚಿ ಮಾವನ ಕೈಗೇ ಕೊಟ್ಟುಬಿಟ್ಟಳು.

"ಇದ್ರಲ್ಲಿ ಕಥೆ ಮುಗಿದೇ ಹೋಗಿದೆ ಮಾವ. ನಾನಿನ್ನೂ ಅಲ್ಲಿಗೆ ಹೋಗಿಲ್ಲ."

ಭಾವನ ಮುಖ ಗಂಟಾಯಿತು. ಅವರು ಹೋದ ಮೇಲೆ ಇವಳು ನನಗೆ ಬೈದಳು. ಮಗಳಿಗೆ ಬೈಯಲು ಧೈರ್ಯ ಸಾಲದೆ ಇರಬೇಕು.

ಮೇ 9

ಬರೆಯಲು ಬಿಡುವಿರಲಿಲ್ಲ. ಬೇಸಿಗೆ, ಊರಿನ ಫ್ಯಾನೆಲ್ಲ ನನ್ನ ಅಂಗಡಿಯಲ್ಲೇ. ಈಗ ಡಿಕ್ಷನರಿ ಸದ್ದು ಕಡಿಮೆ. ಗೊತ್ತಿಲ್ಲದ ಪದ ಬಂದರೆ ಹಿಂದಿನ ಮುಂದಿನ ಸಾಲು ನೋಡಿ ತಾನೇ ಊಹಿಸುತ್ತಾಳೆ. ಆಮೇಲಷ್ಟೇ ಡಿಕ್ಷನರಿ. ಊಹೆ ಸರಿಯಾದರೆ ಸ್ಟೂಲಿನ ಮೇಲೆ ಕೂತಲ್ಲೇ ಕಾಲು ಆಡಿಸುತ್ತಾಳೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.

ಮೇ 20

ಮುಗಿಯಿತು. ಸೇತುವೆಯೂ ಮುಗಿಯಿತು, ಪುಸ್ತಕವೂ. ಎಲ್ಲರೂ ಸೇತುವೆಯ ಮೇಲೇ ಓಡಾಡುತ್ತಾರೆ. ದೋಣಿಯವಳು ಗುಡಿಸಲಿನಲ್ಲಿ ಒಬ್ಬಳೇ. ಕತ್ತಲಾಗುತ್ತದೆ. ಕೊನೆಯ ಸಾಲು: "ಶೀ ಪುಟ್ ದ ಲ್ಯಾಂಪ್ ಔಟ್."

"ಹಾಗಂದ್ರೆ?"

"ದೀಪಾನ ಹೊರಗೆ ಇಟ್ಟಳು."

"ಯಾಕೆ?"

"ಯಾರಾದ್ರೂ ಬರಬಹುದು ಅಂತ. ಮೂರನೇ ಅಧ್ಯಾಯದಲ್ಲಿ ದಿನಾ ಇಡ್ತಾ ಇದ್ಳಲ್ಲಪ್ಪ, ಬಾಗಿಲಾಚೆ ಕಂಬದ ಮೇಲೆ? ಆ ದಡದವರಿಗೆ ದೋಣಿ ಇದೆ ಅಂತ ಗೊತ್ತಾಗ್ಲಿ ಅಂತ."

ಎಂಥ ಹೆಂಗಸು.

ಮೇ 22

ಭಾವನ ಮನೆಗೆ ಹೋಗಿದ್ದೆವು. ಮಗಳು ಹುರುಪಿನಿಂದ ಕಥೆಯ ಕೊನೆ ಹೇಳಿದಳು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪುಟ್ ಔಟ್ ಅಂದ್ರೆ ಆರಿಸೋದಮ್ಮ! ದೀಪ ಆರಿಸಿದಳು, ಅಲ್ಲಿಗೆ ಅವಳ ಕಥೆ ಮುಗೀತು ಅಂತ. ನೋಟ್ಸಲ್ಲಿ ಸ್ಪಷ್ಟವಾಗಿ ಇದೆ. ಅದಕ್ಕೇ ಹೇಳಿದ್ದು ನಾನು."

ಡಿಕ್ಷನರಿಯಲ್ಲೂ ಹಾಗೇ ಇದೆ. ಮಗಳು ಪುಸ್ತಕ ಮುಚ್ಚಿ ಚೀಲದ ತಳಕ್ಕೆ ತುರುಕಿದಳು.

ಜೂನ್ 1

ಮಗಳು ಪುಸ್ತಕ ಮುಟ್ಟಿಲ್ಲ. ಇವತ್ತು ತಾಯಿಯ ಹತ್ತಿರ ಕೇಳಿದಳಂತೆ, ಮಾವ ಆ ನೋಟ್ಸ್ ಇನ್ನೂ ಕೊಡ್ತಾರಾ ಅಂತ.

ಅಂಗಡಿಗೆ ಕರೆದುಕೊಂಡು ಹೋದೆ. ಸುತ್ತಿ ಮುಗಿದ ಕಾಯಿಲ್‌ಗೆ ವಾರ್ನಿಷ್ ಹಚ್ಚುತ್ತಾ ಹೇಳಿದೆ, "ನಂಗೆ ಇಂಗ್ಲಿಷ್ ಬರಲ್ಲ. ಮಾವಂಗೆ ಬರುತ್ತೆ. ಆದ್ರೆ ಮಾವ ಪುಸ್ತಕ ಓದಿಲ್ಲ. ಓದಿದವಳು ನೀನು, ಕೇಳಿದವನು ನಾನು. ನಂಗೆ ಗೊತ್ತಿರೋ ಆ ಹೆಂಗಸು ದೀಪ ಆರಿಸಿ ಮಲಗೋಳಲ್ಲ."

"ತಪ್ಪಾದ್ರೆ?"

"ಆಗ್ಲಿ. ನಿನ್ನ ತಪ್ಪೇ ಹೇಳು. ಬೇರೆಯೋರ ಸರಿ ಯಾಕೆ?"

ಮಧ್ಯಾಹ್ನ ನೋಡಿದರೆ ಮೂರನೇ ಅಧ್ಯಾಯ ತೆರೆದಿತ್ತು.

ಜೂನ್ 7

ಬೆಳಗ್ಗೆಯಿಂದ ಕೈ ಓಡಲಿಲ್ಲ. ಇವತ್ತು ಅವಳ ಸರದಿ.

ಸಂಜೆ ಯೂನಿಫಾರ್ಮಿನಲ್ಲೇ ನೇರ ಅಂಗಡಿಗೆ ಬಂದಳು. ನೀರು ಕುಡಿದಳು. ಬಾಟಲಿಯ ಮುಚ್ಚಳ ಹಾಕಿದಳು. ಆಮೇಲಷ್ಟೇ ಹೇಳಿದಳು.

ಅವಳಿಗಿಂತ ಮುಂಚೆ ನಾಲ್ಕೈದು ಮಕ್ಕಳು ಮಾತಾಡಿದರಂತೆ. ಎಲ್ಲರದೂ ಅದೇ ವಾಕ್ಯಗಳು, ನಿಲ್ಲಿಸುವ ಜಾಗವೂ ಅದೇ. ಭಾವನ ಮಗನದೂ. ಎಲ್ಲರಿಗೂ ಒಂದೇ ನೋಟ್ಸ್ ಸಿಕ್ಕಿದೆ! ಆಮೇಲೆ ನಮ್ಮ ಹುಡುಗಿ. ಎದ್ದು ನಿಂತು ಹೇಳಿದಳು: ದೋಣಿಯವಳು ಸೋತಿಲ್ಲ, ಕಾಯುತ್ತಿದ್ದಾಳೆ.

"ಪುಟ್ ಔಟ್ ಅಂದ್ರೆ ಏನು?" ಇಂಗ್ಲಿಷ್ ಮೇಡಂ ಕೇಳಿದರು. ಕ್ಲಾಸು ನಕ್ಕಿತು.

"ಆರಿಸೋದು ಮೇಡಂ. ಆದ್ರೆ ಮೂರನೇ ಅಧ್ಯಾಯದಲ್ಲಿ ಇದೇ ಮಾತು ಹೊರಗೆ ಇಡೋದು ಅಂತ ಇದೆ. ತೆಗೆದು ನೋಡಬಹುದಾ?"

ಮೇಡಂ ಅಲ್ಲಿ ಓದಿದರು. ಕೊನೆಯ ಪುಟ ಓದಿದರು. ಮತ್ತೆ ಮೂರನೇ ಅಧ್ಯಾಯ.

"ಎರಡೂ ಆಗುತ್ತೆ," ಅಂದರಂತೆ. "ಎಷ್ಟೋ ವರ್ಷದಿಂದ ಈ ಪುಸ್ತಕ ಓದಿಸ್ತಾ ಇದೀನಿ. ನಂಗಿದು ಹೊಳೆದೇ ಇರಲಿಲ್ಲ. ನಿನ್ನ ಗ್ರಾಮರ್ ತಪ್ಪಿದೆ, ಅದನ್ನ ನಾನು ಸರಿ ಮಾಡ್ತೀನಿ. ಓದೋದನ್ನ ಮಾತ್ರ ಹೀಗೇ ಓದು."

ಆಮೇಲೆ ಕ್ಲಾಸು ಎರಡು ಪಾಲು. ಆರಿಸಿದಳು ಅನ್ನುವವರು ಒಂದು ಕಡೆ, ಹೊರಗಿಟ್ಟಳು ಅನ್ನುವವರು ಇನ್ನೊಂದು ಕಡೆ. ಬೆಲ್ ಹೊಡೆದರೂ ಜಗಳ ಮುಗಿದಿರಲಿಲ್ಲವಂತೆ. ಕೊನೆಯ ಸೆಕ್ಷನ್ನಿನ ಮಾತು ಯಾರೂ ಎತ್ತಲಿಲ್ಲ.

ಮಿಕ್ಸಿಗೆ ಕಾದು ನಿಂತಿದ್ದ ಗಿರಾಕಿಗೆ ಎಲ್ಲವನ್ನೂ ಹೇಳಿದೆ. ಸೇತುವೆ, ದೋಣಿ, ಮೇಡಂ, ಒಂದೂ ಬಿಡದೆ.

"ಸಂತೋಷ," ಎಂದ. "ಅದಿರ್ಲಿ, ನನ್ನ ಮಿಕ್ಸಿ?"

ಜೂನ್ 8

ಭಾವನ ಫೋನು. ಕೆಮ್ಮಿದರು. ಕ್ಲಾಸಿನಲ್ಲಿ ಆದದ್ದನ್ನು ಅವರ ಮಗನೂ ಹೇಳಿದನಂತೆ. "ಹುಡುಗಿ ಗಟ್ಟಿ" ಎಂದರು. ಆಮೇಲೆ ಮೆಲ್ಲಗೆ, "ನಡುನೀರಲ್ಲಿ ಸುಳಿಗೆ ಸಿಕ್ಕಿದೆಯಲ್ಲ ಆ ದೋಣಿ, ದಡ ಸೇರುತ್ತಾ?" ಪುಸ್ತಕವನ್ನೇ ಓದಲು ಶುರು ಮಾಡಿದ್ದಾರೆ. ಹೇಳಲಿಲ್ಲ. ಓದಲಿ.

ಜೂನ್ 9, ಸಂಜೆ

ಇವಳಿಗೆ ಇವತ್ತು ರಜೆ. ಅಡುಗೆಮನೆಯಲ್ಲಿ ಮಗಳನ್ನು ನಿಲ್ಲಿಸಿ, "ಅಲ್ಲಿ ಹೇಗೆ ಹೇಳಿದೆಯೋ ಹಾಗೇ ಹೇಳು, ಇಂಗ್ಲಿಷಿನಲ್ಲೇ" ಎಂದಳು. ಮಗಳು ನಾಚಿದಳು. ಆಮೇಲೆ ಹೇಳಿದಳು. ಅರ್ಧಕ್ಕರ್ಧ ನಮಗೆ ಅರ್ಥವಾಗಲಿಲ್ಲ. ಇವಳು ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಒಲೆಯ ಮೇಲಿನದು ತಳ ಹಿಡಿಯಿತು. ಯಾರೂ ಆ ಕಡೆ ನೋಡಲಿಲ್ಲ.

ನಾನು ಈಚೆ ಬಂದು ಇದನ್ನು ಬರೆಯುತ್ತಿದ್ದೇನೆ. ಕಣ್ಣಿಗೆ ಒಗ್ಗರಣೆ ಹೊಗೆ ಅಂತ ಹೇಳಿ ಬಂದೆ. ಇವತ್ತು ಒಗ್ಗರಣೆಯನ್ನೇ ಹಾಕಿಲ್ಲ.

ಒಳಗೆ ಇವಳ ದನಿ: "ಇನ್ನೊಂದ್ಸಲ ಹೇಳು ಪುಟ್ಟ. ನಿಧಾನಕ್ಕೆ. ರೀ, ಅಲ್ಲೇನು ಮಾಡ್ತಿದೀರಾ, ಬನ್ನಿ, ಶುರು ಮಾಡಿದ್ಳು."

ಶುರು ಮಾಡಿದ್ದಾಳೆ. ಈ ಸಲ ಎಲ್ಲೂ ತಡವರಿಸುತ್ತಿಲ್ಲ, ಗಂಟಲು ಬಿಟ್ಟು, ನನ್ನ ಮಗಳು, ಒಂದೊಂದು ಪದವನ್ನೂ—