ಎತ್ತರದವರ ಸಾಲು

ಚಿ. ಮಗಳಿಗೆ ಅಪ್ಪನ ಹಾರೈಕೆ.

ನಿನ್ನ ಅಕ್ಕ ಮೊದಲಿದ್ದ ದೇಶದಲ್ಲಿ ನನ್ನನ್ನು ಬೀದಿಯಲ್ಲೇ "ಏ ಕರಿಯ" ಎಂದು ಕೂಗುತ್ತಿದ್ದರು. ಈಗ ಅವಳ ಜೊತೆ ಬಂದಿರುವ ಈ ದೇಶದಲ್ಲಿ ಯಾರೂ ಕೂಗುವುದಿಲ್ಲ, ಮಾತೂ ಆಡಿಸುವುದಿಲ್ಲ. ನಡತೆಯಲ್ಲಿ ಆ ದೇಶಕ್ಕೆ ನೂರಕ್ಕೆ ಮೂವತ್ತು, ಇದಕ್ಕೆ ಐವತ್ತು ಅಂಕ ಕೊಟ್ಟಿದ್ದೆ.

ಮೊನ್ನೆ ಗ್ರಂಥಾಲಯದಲ್ಲಿ ಹಿರಿಯ ಓದುಗರ ಫೋಟೊ ತೆಗೆದರು. ಮುಂದೆ ಕುಳಿತಿದ್ದ ನನ್ನನ್ನು ಛಾಯಾಗ್ರಾಹಕ ನಯವಾಗಿ ಎಬ್ಬಿಸಿ, "ನೀವು ಎತ್ತರ ಇದ್ದೀರಲ್ಲ, ಹಿಂದೆ ನಿಂತ್ಕೊಳ್ಳಿ" ಎಂದ. ಗುಂಪಿಗೆಲ್ಲ ನಾನೇ ಕುಳ್ಳ, ಕಪ್ಪಗಿದ್ದವನೂ ನಾನೊಬ್ಬನೇ. ಚಿತ್ರದಲ್ಲಿ ನನ್ನ ನೆತ್ತಿ ಮಾತ್ರ ಬಂದಿದೆ.

ಏಳನೇ ತರಗತಿಯ ಫೋಟೊ ದಿನ ಇದೇ ಮಾತು ಹೇಳಿ ನಿನ್ನನ್ನು ಹಿಂದಕ್ಕೆ ಕಳಿಸಿದ ಮೇಷ್ಟ್ರು ನಾನೇ. ನೀನೂ ಎತ್ತರವಿರಲಿಲ್ಲ, ಮಗಳೇ. ನಾನು ಬಣ್ಣ ನೋಡಿದ್ದೆ.

ಮೊಣಕಾಲು ನೋವು ತಗ್ಗಿದೆ. ಇಲ್ಲಿ ಮಾತಿಗೆ ಯಾರೂ ಇಲ್ಲ. ಬೈಯುವುದಕ್ಕಾದರೂ ಒಂದು ಕಾಗದ ಬರೆ. ಕಾರ್ಡು ಮುಗಿಯಿತು.

ಅಪ್ಪ