ಉಳಿಸಿದ ಆರು ಮಾತ್ರೆ

ಅಪ್ಪ,

ಇಂದು ಬೆಳಿಗ್ಗೆ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ಹಬ್ಬಿತ್ತು. ಹೊಸ ಮದ್ದಿನ ಒಂದು ಹನಿ ಬಿದ್ದಲ್ಲಿ ಮಾತ್ರ ಬಿಲ್ಲೆಯಷ್ಟು ಜಾಗ ತಿಳಿಯಾಗಿತ್ತು. ಇಲ್ಲಿಯ ವರದಿಗಳ ಭಾಷೆ ತಿದ್ದುವುದು ನನ್ನ ಕೆಲಸ. ಆ ಮದ್ದು ತಯಾರಿಸುತ್ತಿರುವ ವಿಜ್ಞಾನಿ ಸಾಧನಾ ಮೇಡಂ ಕರೆದು ತೋರಿಸಿದರು.

“ಪೆಪ್ಟೈಡ್ ಅನ್ನೋ ಪ್ರೋಟೀನ್ ತುಣುಕುಗಳು ತಾವೇ ಸೇರ್ಕೊಂಡು ಬಲೆ ಕಟ್ಕೊಳ್ತವೆ, ಬಲೆ ತುಂಬ ಜಿಂಕ್ ಆಕ್ಸೈಡ್ ಕಣ. ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾನೂ ಸತ್ತಿದೆ ನೋಡು.”

“ಗಾಯಕ್ಕೆ ಯಾವಾಗ ಹಚ್ಚಬಹುದು?”

“ಅರೆ, ಇನ್ನೂ ಬಹಳ ವರ್ಷ ಬೇಕು. ಅಲ್ಲಿವರೆಗೂ ಇರೋ ಮಾತ್ರೆನೇ ಕೋರ್ಸ್ ಪೂರ್ತಿ ತಗೋಬೇಕು.”

ವಡಾಲದ ಹೋಟೆಲಿನಲ್ಲಿ ಅಡುಗೆ ಮಾಡುವಾಗ ನಿಮ್ಮ ಕಾಲಿಗೆ ಕಾದ ಎಣ್ಣೆ ಬಿದ್ದಾಗ ಡಾಕ್ಟರು ಐದು ದಿನಕ್ಕೆ ಹತ್ತು ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟಿದ್ದರು. ನೋವು ಇಳಿದದ್ದೇ ಆರನ್ನು ಉಳಿಸಿದಿರಿ, ಅಡುಗೆಯವರೆಲ್ಲ ಮಿಕ್ಕ ಮಾತ್ರೆ ಹಾಕಿಡುವ ಹೋಟೆಲಿನ ಡಬ್ಬಿಗೆಂದು.

“ಯಾರಿಗಾದ್ರೂ ಬೇಕಾಗ್ತದೆ. ಅಮ್ಮನಿಗೆ ಹೇಳ್ಬೇಡ ಮಾರಾಯ್ತಿ.”

ನಾನು ಹೇಳಲಿಲ್ಲ. ಮತ್ತೆ ಕೀವಾದ ಗಾಯಕ್ಕೆ ಯಾವ ಮದ್ದೂ ನಾಟಲಿಲ್ಲ. ಎರಡು ವಾರದಲ್ಲಿ ನೀವು ಹೋದಿರಿ. ಆ ಆರು ಮಾತ್ರೆ ನುಂಗದ್ದರಿಂದಲೇ ಹಾಗಾಯಿತೆಂದು ಯಾರೂ ಖಚಿತವಾಗಿ ಹೇಳಲಾರರು. ಆಸ್ಪತ್ರೆಗೆ ತಡವಾಗಿ ಕರೆದೊಯ್ದದ್ದು ತನ್ನದೇ ತಪ್ಪೆಂದು ಅಮ್ಮ ಎರಡು ವರ್ಷದಿಂದ ಹೇಳುತ್ತಲೇ ಇದ್ದಾಳೆ, ನಾನು ಕೇಳುತ್ತಲೇ ಇದ್ದೇನೆ.

ಇಂದು ಸಂಜೆ ಅವಳು ಹಾಗೆ ಹೇಳಿದಾಗ, ನಿಮ್ಮ ಮಾತು ಮೀರುತ್ತೇನೆ.