ತಲೆ ಕೊನೆಗೆ ಮಲಗಲಿ

ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ನಿದ್ದೆಬುರುಕಿಗೆ,

ಅಪ್ಪನ ಆಶೀರ್ವಾದ. ಹೇಗಿದ್ದೀಯ? ಆ ದವಡೆ ಹಲ್ಲು ಇನ್ನೂ ಕಾಟ ಕೊಡುತ್ತಿದೆಯೋ, ಕೀಳಿಸಿದೆಯೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ ತಾನೇ, ಇಲ್ಲ ನಿಂತುಕೊಂಡೇ ಏನೋ ಒಂದು ಬಾಯಿಗೆ ಹಾಕಿಕೊಂಡು ಓಡುವ ಹಳೇ ಚಾಳಿ ಹಾಗೇ ಇದೆಯೋ? ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮಮ್ಮನ ಮಂಡಿ ಮೆಟ್ಟಿಲು ಕಂಡಾಗ ಮಾತ್ರ ನೋಯುತ್ತದೆ, ಮಿಕ್ಕಂತೆ ಮನೆಯಿಡೀ ಓಡಾಡಿಕೊಂಡು, ನನ್ನನ್ನು ಬೈದುಕೊಂಡು ಆರಾಮಾಗಿದ್ದಾಳೆ. ನನ್ನ ಸೊಂಟದ ಕಥೆ ಮುಂದೆ ಬರುತ್ತದೆ. ಕವರಿನ ಮೇಲಿನ ಅಕ್ಷರ ಯಾರದು ಅಂತ ನೀನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ನನ್ನದೇ. ನಲವತ್ತು ವರ್ಷ ಹಾಸಿಗೆಯ ಉದ್ದ ಅಗಲ ಬಿಟ್ಟು ಬೇರೇನೂ ಬರೆಯದ ಕೈ ಇದು. ಸಾಲು ಸೊಟ್ಟಗೆ ಹೋದರೆ ನೀನೇ ತಲೆ ಓರೆ ಮಾಡಿಕೊಂಡು ಓದು.

ವಿಷಯ ಏನೆಂದರೆ, ನಿನಗೆ ನಿದ್ದೆ ಬರುತ್ತಿಲ್ಲವಂತೆ. ಮೊನ್ನೆಯದಲ್ಲ, ಅದರ ಹಿಂದಿನ ಭಾನುವಾರ ಫೋನಿಟ್ಟ ಮೇಲೆ ನಿಮ್ಮಮ್ಮ ಹೇಳಿದಳು. ತಿಂಗಳ ಮೇಲಾಯಿತಂತೆ, ಕಣ್ಣು ಮುಚ್ಚಿದರೆ ಎದೆ ಹೊಡೆದುಕೊಳ್ಳುತ್ತದಂತೆ. ನಾನು ದಾರ ಸುತ್ತುತ್ತ ಕೇಳಿಸದವನ ಹಾಗೆ ಕೂತಿದ್ದೆ, ಆದರೆ ಅವತ್ತಿನಿಂದ ಬೇರೇನೂ ತಲೆಗೆ ಹೋಗುತ್ತಿಲ್ಲ. ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟವನ ಮಗಳಿಗೆ ನಿದ್ದೆ ಇಲ್ಲ ಅಂದರೆ ಏನು ಹೇಳುವುದು. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಭಾನುವಾರ ಫೋನು ಹೊಡೆದುಕೊಂಡ ಕೂಡಲೇ ನನಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ, ನಿನಗೂ ಗೊತ್ತು. ಎರಡು ವರ್ಷದಿಂದ ಅಪ್ಪ ಹೇಗಿದ್ದಾರೆ ಅಂತ ನೀನು ಅಮ್ಮನನ್ನು ಕೇಳುತ್ತೀಯ, ಅವಳು ಹೇಗಿದ್ದಾಳಂತೆ ಅಂತ ನಾನೂ ಅಮ್ಮನನ್ನೇ ಕೇಳುತ್ತೇನೆ. ಇಬ್ಬರ ಟಪಾಲು ಹೊತ್ತು ಹೊತ್ತು ನಿಮ್ಮಮ್ಮ ಸುಸ್ತಾಗಿದ್ದಾಳೆ. ಅದಕ್ಕೇ ಈ ಕಾಗದ. ಇದರಲ್ಲಿ ನಿನಗೆ ಕೆಲವು ವಿಡಿಯೊ ಚಾನೆಲ್‌ಗಳ ಬಗ್ಗೆ ಹೇಳಬೇಕು ಅಂತಿದ್ದೇನೆ. ಹೌದು, ನಾನೇ. ನಗುವುದಿದ್ದರೆ ನಕ್ಕು ಮುಗಿಸಿ ಮುಂದೆ ಓದು.

ನಾಲ್ಕು ತಿಂಗಳ ಹಿಂದೆ ಜೋಡಿ ಹಾಸಿಗೆಯೊಂದನ್ನು ಒಬ್ಬನೇ ಹೆಗಲಿಗೇರಿಸಲು ಹೋಗಿ ಸೊಂಟ ಹಿಡಿದುಕೊಂಡಿತು. ಎರಡು ತಿಂಗಳು ಏನೂ ಎತ್ತಬೇಡಿ ಅಂದರು ಡಾಕ್ಟರು. ಹಿಂದಿನ ಕೋಣೆಯಲ್ಲಿ ಅಂಗಾತ ಮಲಗಿ ಮೇಲಿನ ತೊಲೆ ಎಣಿಸುವುದೇ ನನ್ನ ಕೆಲಸವಾಯಿತು. ತೊಲೆ ಇರುವುದೇ ಏಳು, ಎಷ್ಟು ಸಲ ಅಂತ ಎಣಿಸುವುದು? ಮುಲಾಮು ಕೊಡಲು ಬಂದ ಔಷಧಿ ಅಂಗಡಿಯ ಮೇಡಂ ನನ್ನ ಮುಖ ನೋಡಿ, ಫೋನ್ ಇಸಿದುಕೊಂಡು ಏನೇನೋ ಒತ್ತಿ, ಇವರು ಹೇಳಿದ ಹಾಗೆ ಕಾಲು ಎತ್ತಿ ಇಳಿಸಿ, ಸರಿಹೋಗುತ್ತೆ ಅಂದರು. ಇದಕ್ಕೆ ಎಷ್ಟು ಅಂತ ಕೇಳಿದೆ. ಪುಕ್ಕಟೆ ಅಂದರು. ಪುಕ್ಕಟೆ ಬಂದ ಹತ್ತಿಮೂಟೆಯನ್ನು ಎರಡೆರಡು ಸಲ ಬಿಚ್ಚಿ ನೋಡುವವನು ನಾನು, ಅನುಮಾನ ಪಟ್ಟುಕೊಂಡೇ ಕಾಲೆತ್ತಿದೆ. ಹಾಗೆ ಶುರುವಾಯಿತು.

ಹೆಸರು ಯಾವುದೂ ನನಗೆ ನೆನಪಿಲ್ಲ, ನಾನಿಟ್ಟ ಹೆಸರಲ್ಲೇ ಹೇಳುತ್ತೇನೆ. ಸರಿಯಾದ ಹೆಸರುಗಳನ್ನು ಮೇಡಂ ಹತ್ತಿರ ಚೀಟಿಯಲ್ಲಿ ಬರೆಸಿ ಕವರಿನೊಳಗೆ ಇಟ್ಟಿದ್ದೇನೆ. ಮೊದಲನೆಯವರು ಸೊಂಟದಕ್ಕ. ದಪ್ಪಗಿನ ಹೆಂಗಸು, ಆಕೆ ಬಗ್ಗಿದಾಗಲೆಲ್ಲ ಒಂದು ಬೆಕ್ಕು ಬಂದು ಬೆನ್ನ ಮೇಲೆ ಕೂರುತ್ತದೆ, ಓಡಿಸುವುದೇ ಇಲ್ಲ. ನೋವಾದರೆ ನಿಲ್ಲಿಸಿ, ನಾಚಿಕೆಯಾದರೆ ನಿಲ್ಲಿಸಬೇಡಿ ಅನ್ನುತ್ತಾರೆ. ನನ್ನ ಸೊಂಟ ನೆಟ್ಟಗಾದದ್ದು ಅವರಿಂದ. ನೀನು ದಿನವಿಡೀ ಕೂತು ಕೆಲಸ ಮಾಡುವವಳು, ನಿನಗೂ ಬೇಕಾಗುತ್ತದೆ. ಆಮೇಲೆ ಉಸಿರಿನ ಮೇಷ್ಟ್ರು. ಸಣ್ಣಗೆ, ಬಿಳಿ ಗೋಡೆಯ ಮುಂದೆ ಕೂತಿರುತ್ತಾರೆ. ಮೊದಲನೇ ದಿನ ಉಸಿರು ಒಳಗೆ ತಗೊಳ್ಳಿ, ಹಿಡಿದುಕೊಳ್ಳಿ ಅಂದರು. ಹಿಡಿದುಕೊಂಡೆ. ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು, ಅದು ಮುಗಿಯುತ್ತಿದ್ದ ಹಾಗೆ ಪ್ರೆಶರ್ ಕುಕ್ಕರಿನದು. ಮೇಷ್ಟ್ರು ಬಿಡಿ ಅಂದಿರಲಿಲ್ಲವಲ್ಲ, ನಾನು ಬಿಡಲೂ ಇಲ್ಲ. ನಿಮ್ಮಮ್ಮ ಬಂದು ನೋಡಿ, ಕೆಂಪಗಾಗಿದ್ದ ನನ್ನ ಮುಖಕ್ಕೆ ನೀರು ಹಾಕಿದಳು. ಮೇಷ್ಟ್ರು ಒಳ್ಳೆಯವರು, ಜಾಹೀರಾತು ಬಂದಾಗ ಮಾತ್ರ ಧಾರಾಳವಾಗಿ ಉಸಿರಾಡು.

ಇನ್ನೊಬ್ಬರು ಹಿಂದೆ ಬಸ್ಸಿನ ಡ್ರೈವರಾಗಿದ್ದವರು, ನಿಂತ ಬಸ್ಸಿನ ಸೀಟಿನಲ್ಲಿ ಕೂತು ಕೋಪದ ಬಗ್ಗೆ ಮಾತಾಡುತ್ತಾರೆ. ಸಿಟ್ಟು ಬಂದಾಗ ಎರಡೂ ಅಂಗಾಲು ನೆಲದ ಮೇಲಿವೆಯಾ ಅಂತ ಮೊದಲು ನೋಡ್ಕೊಳ್ಳಿ, ಆಮೇಲೆ ಬಾಯಿ ತೆಗೀರಿ ಅನ್ನುತ್ತಾರೆ. ಅದನ್ನು ನಾನು ನಾಲ್ಕು ಸಲ ನೋಡಿದೆ. ಎರಡು ವರ್ಷದ ಹಿಂದೆ ಯಾರಾದರೂ ತೋರಿಸಬೇಕಿತ್ತು. ಕೊನೆಯದು ಒಂದು ಕೆರೆ. ಮಾತಿಲ್ಲ ಕಥೆಯಿಲ್ಲ, ಒಂದು ಗಂಟೆ ಬರೀ ನೀರು, ಮೇಲೆ ಒಂದು ಎಲೆ ಆ ದಡದಿಂದ ಈ ದಡಕ್ಕೆ ಬರುತ್ತದೆ. ಎಲೆ ಅರ್ಧ ದಾರಿಗೆ ಬರುವಷ್ಟರಲ್ಲಿ ನನ್ನ ರೆಪ್ಪೆ ಇಳಿದಿರುತ್ತದೆ, ಅದು ದಡ ಸೇರಿದ್ದನ್ನು ನಾನು ಇವತ್ತಿನವರೆಗೂ ನೋಡಿಲ್ಲ. ನೀರು ನೋಡೋಕೆ ಇದು ಯಾಕೆ, ಬಕೆಟ್ ಇಲ್ವಾ ಅನ್ನುತ್ತಾಳೆ ನಿಮ್ಮಮ್ಮ. ಅವಳ ಮಾತು ಬಿಡು. ಬೆಳಗಾಗುವ ಮೊದಲೇ ಎದ್ದು ಗೆಲ್ಲಿ, ಓಡಿ ಅಂತ ಬೊಬ್ಬೆ ಹೊಡೆಯುವ ಕೆಲವು ಹುಡುಗರಿದ್ದಾರೆ, ಅವರ ಹತ್ತಿರ ಮಾತ್ರ ಸುಳಿಯಬೇಡ. ಬರುವ ನಿದ್ದೆಯೂ ಓಡಿಹೋಗುತ್ತದೆ.

ಇವನ್ನೆಲ್ಲ ನಾನು ನೋಡುವುದು ಮಧ್ಯಾಹ್ನ, ಹೊಸ ಹಾಸಿಗೆ ಪರೀಕ್ಷೆ ಮಾಡುವ ಹೊತ್ತಿನಲ್ಲಿ. ನಮ್ಮ ಅಂಗಡಿಯ ರೂಢಿ ನೀನು ಮರೆತಿರಲಾರೆ. ಹೊಲಿದು ಮುಗಿದ ಹಾಸಿಗೆ ಒಂದು ಮಧ್ಯಾಹ್ನ ಹಿಂದಿನ ಕೋಣೆಯಲ್ಲಿರಬೇಕು, ಮಾಡಿದವನು ಅದರ ಮೇಲೆ ಮಲಗಿ ಎದ್ದ ಮೇಲೆಯೇ ಅದು ಬಾಗಿಲು ದಾಟಬೇಕು. ನೀನು ಸ್ಕೂಲಿನಿಂದ ಬಂದವಳೇ ಚೀಲ ಮೂಲೆಗೆಸೆದು ನನ್ನ ಪಕ್ಕಕ್ಕೆ ಬಂದು ಬೀಳುತ್ತಿದ್ದೆ. ಹಾಗಲ್ಲ ಕಣೇ, ಧೊಪ್ಪನೆ ಬಿದ್ದರೆ ಹಾಸಿಗೆ ಏನೂ ಹೇಳೋದಿಲ್ಲ ಅನ್ನುತ್ತಿದ್ದೆ ನಾನು. ಮೊದಲು ಹಿಮ್ಮಡಿ ಮಲಗಲಿ, ಆಮೇಲೆ ಮಂಡಿ, ಆಮೇಲೆ ಸೊಂಟ, ತಲೆ ಕೊನೆಗೆ ಮಲಗಲಿ. ನೀನು ಹಾಗೇ ಒಂದೊಂದಾಗಿ ಮಲಗಿಸಿ, ಬೆನ್ನಿನಲ್ಲೇ ಹುಡುಕಿ, ಅಪ್ಪಾ ಇಲ್ಲೊಂದು ಗಂಟು ಅನ್ನುತ್ತಿದ್ದೆ. ಒಂದು ಸಲವೂ ತಪ್ಪಿದವಳಲ್ಲ. ನಾನು ಹೊಲಿಗೆ ಬಿಚ್ಚಿ ಬಟಾಣಿಯಷ್ಟು ಹತ್ತಿಗಂಟು ಹೊರಗೆ ತೆಗೆದು, ನನ್ನ ಕೈಗೆ ವಯಸ್ಸಾಯ್ತು ನೋಡು ಅನ್ನುವಷ್ಟರಲ್ಲಿ ನೀನು ಬಾಯಿ ತೆರೆದುಕೊಂಡು ನಿದ್ದೆ ಹೋಗಿರುತ್ತಿದ್ದೆ. ಕಿಟಕಿಯಿಂದ ಬಿಸಿಲು ಇಳಿದು, ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ತೇಲಿ ನಿನ್ನ ಹುಬ್ಬಿನ ಮೇಲೆ ಕೂರುತ್ತಿತ್ತು, ನಾನು ಊದಿದರೆ ಇನ್ನೊಂದು ಬಂದು ಕೂರುತ್ತಿತ್ತು.

ಎರಡು ತಿಂಗಳ ಹಿಂದಿನ ಒಂದು ಮಧ್ಯಾಹ್ನ, ಕೆರೆಯ ಎಲೆ ನೋಡುತ್ತ ನಾನು ಎಂದಿನಂತೆ ನಿದ್ದೆಹೋಗಿದ್ದೆ. ನಿದ್ದೆಯೊಳಗೆ ಅದೇ ಬಿಸಿಲು, ಅದೇ ಕಿಟಕಿ. ಕೆರೆ ಅಂಗಡಿಯೊಳಗೇ ಬಂದಿತ್ತು, ಹಾಸಿಗೆ ಅದರ ಮೇಲೆ ಮೆಲ್ಲಗೆ ಹೋಗುತ್ತಿತ್ತು, ಪಕ್ಕದಲ್ಲಿ ನೀನಿದ್ದೆ. ಎಂಟು ವರ್ಷದವಳು, ಸ್ಕೂಲಿನ ಯೂನಿಫಾರಂ ಕೂಡ ಬಿಚ್ಚಿಲ್ಲ. ಮೊದಲು ಹಿಮ್ಮಡಿ ಮಲಗಲಿ ಅಂತ ನೀನೇ ನನಗೆ ಹೇಳುತ್ತಿದ್ದೆ. ಆಮೇಲೆ ಮಂಡಿ. ಅವಸರ ಇಲ್ಲ. ತಲೆ ಕೊನೆಗೆ ಮಲಗಲಿ. ಗಂಟು ಸಿಕ್ತಾ ಪುಟ್ಟಾ ಅಂತ ಕೇಳಿ ಕೈ ಚಾಚಿದೆ, ಬರೀ ಬಟ್ಟೆ ಸಿಕ್ಕಿತು. ಎಚ್ಚರವಾಯಿತು. ಕಣ್ಣು ಬಿಟ್ಟ ಮೇಲೂ ನೀನು ಮಾತಾಡುತ್ತಲೇ ಇದ್ದೆ.

ಫೋನಿನಲ್ಲಿ ಕೆರೆ ಮುಗಿದು ಅದರಷ್ಟಕ್ಕೆ ಅದು ಇನ್ನೊಂದು ಚಾನೆಲಿಗೆ ಹೋಗಿತ್ತು. ಮುಖ ಇಲ್ಲ, ಎರಡು ಕೈ ಮಾತ್ರ. ಮಡಿಲಲ್ಲಿ ಹತ್ತಿಯ ಉಂಡೆ ಇಟ್ಟುಕೊಂಡು ಎಳೆ ಎಳೆಯಾಗಿ ಬಿಡಿಸುತ್ತಿದ್ದವು. ಎಡಗೈ ಹೆಬ್ಬೆರಳಿನ ಬುಡದಲ್ಲಿ ದಬ್ಬಣ ಚುಚ್ಚಿದ ಕಲೆ. ಆ ದಬ್ಬಣ ಈಗಲೂ ನನ್ನ ಹತ್ತಿರ ಇದೆ, ಮಗಳೇ. ನಿಮ್ಮಮ್ಮನನ್ನು ಕೂಗಿದೆ, ಅವಳು ಬಂದು ನೋಡಿದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ, ಹೇಳಿದ್ದರೆ ನೀವು ಮೂಗು ಮುರೀತಿದ್ರಿ ಅಂದಳು. ಮುರಿಯುತ್ತಿದ್ದೆನೇನೋ.

ಜನರನ್ನು ಮಲಗಿಸುವ ನಿನ್ನ ವಿಡಿಯೊಗಳನ್ನೆಲ್ಲ ಅವತ್ತಿನಿಂದ ನೋಡಿದ್ದೇನೆ, ಕೆಳಗೆ ಜನ ಬರೆದದ್ದನ್ನೂ ಕೂಡಿಸಿ ಕೂಡಿಸಿ ಓದಿದ್ದೇನೆ. ಆಸ್ಪತ್ರೆಯ ನರ್ಸ್ ಒಬ್ಬಳು ಮಗು ಕಳೆದುಕೊಂಡ ಮೇಲೆ ಮೊದಲ ಸಲ ಇಡೀ ರಾತ್ರಿ ಮಲಗಿದೆ ಅಂತ ಬರೆದಿದ್ದಾಳೆ. ಗಂಡ ಹೊರಳಾಡುವುದು ನಿಂತಿತು ಅಂತ ಒಬ್ಬ ಅಜ್ಜಿ ಬರೆದಿದ್ದಾರೆ. ಓದುತ್ತ ಓದುತ್ತ ನನಗೆ ನೀನು ಅಂಗಡಿ ಬಿಟ್ಟು ಹೋದ ಆ ದಿನ ನೆನಪಾಯಿತು. ಹಾಸಿಗೆ ರಾಶಿಯ ಮೇಲೆ ಕೂತು ನೀನು ಫೋನಿಗೆ ಮೆತ್ತಗೆ ಏನೋ ಹೇಳಿಕೊಳ್ಳುತ್ತಿದ್ದೆ, ಕೈಯಲ್ಲಿದ್ದ ಗವಸಣಿಗೆಯನ್ನು, ಅದೇ ಹಾಸಿಗೆಯ ಮೇಲುಚೀಲವನ್ನು, ಒಳಗಿನ ಮಗ್ಗುಲು ಹೊರಗಾಗಿ ಹೊಲಿದುಬಿಟ್ಟಿದ್ದೆ, ಗಿರಾಕಿ ಬಾಗಿಲಲ್ಲಿ ನಿಂತಿದ್ದ. ಯಾರಿಗೂ ಬೇಡದ ಮಾತು ಆಡ್ಕೊಂಡು ಕೂರೋದಾದ್ರೆ ಈ ಅಂಗಡೀಲಿ ಕೂರಬೇಡ ಅಂದೆ. ನೀನು ಸೂಜಿಯನ್ನು ಜೋಪಾನವಾಗಿ ಸೂಜಿದಿಂಬಿಗೆ ಚುಚ್ಚಿಟ್ಟು ಎದ್ದುಹೋದೆ. ಗವಸಣಿಗೆ ಬಿಚ್ಚಿ ಹೊಲಿಯಲು ಅರ್ಧ ಗಂಟೆ ಸಾಕಾಗಿತ್ತು. ಆ ಮಾತನ್ನು ಬಿಚ್ಚಲು ನನಗೆ ಎರಡು ವರ್ಷ ಬೇಕಾಯಿತು. ತಪ್ಪಾಯಿತು ಮಗಳೇ. ನಿನ್ನ ಮಾತು ಎಷ್ಟೋ ಜನಕ್ಕೆ ಬೇಕಿತ್ತು, ಅದರಲ್ಲಿ ನಾನೂ ಒಬ್ಬ.

ಇನ್ನೊಂದು ತಪ್ಪೂ ಒಪ್ಪಿಕೊಳ್ಳಬೇಕು. ಮೆಚ್ಚಿಕೊಂಡರೆ ಒತ್ತಲು ಹೆಬ್ಬೆರಳಿನ ಗುರುತು ಇರುತ್ತದಲ್ಲ, ಅದನ್ನು ಹಾಜರಿ ಪುಸ್ತಕದ ಹಾಗೆ ದಿನಾ ಒತ್ತಬೇಕು ಅಂದುಕೊಂಡಿದ್ದೆ. ನಿನ್ನ ಆ ಮೊದಲ ವಿಡಿಯೊ ನೋಡಿದಾಗಿನಿಂದ ಅದಕ್ಕೆ ದಿನ ತಪ್ಪದೆ ಕೈ ತೊಳೆದುಕೊಂಡು ಬಂದು ಒತ್ತುತ್ತಿದ್ದೆ. ಹೋದ ವಾರ ಮೇಡಂ ನೋಡಿ, ಏನು ಮಾಡ್ತಿದೀರಿ ಸ್ವಾಮಿ, ಎರಡನೇ ಸಲ ಒತ್ತಿದರೆ ಮೊದಲಿನದು ಹೋಗುತ್ತೆ, ನೀವು ಒಂದು ದಿನ ಮೆಚ್ಚಿ ಮರುದಿನ ವಾಪಸು ತಗೊಂಡಿದೀರಿ ಅಂದರು. ಎರಡು ತಿಂಗಳು ಒಂದು ಹೆಬ್ಬೆರಳು ಬರುವುದು ಹೋಗುವುದು ನೀನು ಗಮನಿಸಿದ್ದರೆ, ಯಾವನೋ ತಲೆಕೆಟ್ಟವನು ಅಂದುಕೊಂಡಿರುತ್ತೀಯ. ಅವನು ನಾನೇ. ನಿನ್ನನ್ನು ಬೆಳೆಸಿದ್ದೂ ಹಾಗೇ ಅಲ್ಲವೇ ಅಂತ ನಿಮ್ಮಮ್ಮ ಅಂದಳು. ಈಗ ಅದು ನೀಲಿಯಾಗಿದೆ. ಇನ್ನು ಮುಟ್ಟುವುದಿಲ್ಲ.

ನಲವತ್ತು ದಿನದಿಂದ ನೀನು ಹೊಸದೇನೂ ಹಾಕಿಲ್ಲ. ಎಲ್ಲರನ್ನೂ ಮಲಗಿಸುತ್ತ ನಿನ್ನ ನಿದ್ದೆಯೇ ಖಾಲಿಯಾಯಿತೋ ಏನೋ, ನನಗೆ ತಿಳಿಯದು. ಅದಕ್ಕೇ ಬೇರೆಯವರ ಚಾನೆಲ್‌ಗಳನ್ನು ಬರೆದದ್ದು, ನಿನ್ನದನ್ನು ನೀನೇ ಕೇಳಿ ಮಲಗಲಾಗುವುದಿಲ್ಲವಲ್ಲ. ಸದ್ಯಕ್ಕೆ ನೀನು ಯಾರಿಗೂ ಏನೂ ಹೇಳಬೇಡ. ಸೊಂಟದಕ್ಕನ ಜೊತೆ ಸ್ವಲ್ಪ ಬಗ್ಗು, ಮೇಷ್ಟ್ರ ಜೊತೆ ಉಸಿರಾಡು, ಎಲೆ ದಡ ಸೇರಿತೋ ಇಲ್ಲವೋ ನೋಡು. ಈ ಕಾಗದದ ಜೊತೆ ಒಂದು ಹಾಸಿಗೆ ಕಳಿಸುತ್ತಿದ್ದೇನೆ. ಹತ್ತಿ ನಾನೇ ಬಿಡಿಸಿದ್ದು, ಅಂಚು ನಿಮ್ಮಮ್ಮ ಹೊಲಿದದ್ದು, ಗವಸಣಿಗೆಯ ಒಳಗು ಹೊರಗು ಮೂರು ಸಲ ನೋಡಿದ್ದೇವೆ. ನಿನ್ನೆ ಮಧ್ಯಾಹ್ನ ನಾನೇ ಅದರ ಮೇಲೆ ಮಲಗಿ ಎದ್ದೆ. ಚೆನ್ನಾಗಿ ನಿದ್ದೆ ಬಂತು.

ನಿಮ್ಮಮ್ಮನ ನೆನಪುಗಳು, ಹಲ್ಲು ಕೀಳಿಸು ಅಂತ ಅವಳ ಅಪ್ಪಣೆ. ನೀನಿರುವ ಕಡೆ ಗಾಳಿ ಬೆಳಕು ಚೆನ್ನಾಗಿರಲಿ, ಕಣ್ಣಿಗೆ ನಿದ್ದೆ ತುಂಬಿ ಬರಲಿ.

ಇಂತಿ ನಿನ್ನ,
ಅಪ್ಪ

ತಾ.ಕ.: ಸಾಮಾನು ಗಾಡಿಯವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಒಂದು ಮಾತು ಬಿಟ್ಟೇಹೋಗಿತ್ತು. ಚಿಕ್ಕವಳಿದ್ದಾಗ ನೀನು ಹುಡುಕುತ್ತಿದ್ದ ಗಂಟುಗಳನ್ನೆಲ್ಲ ನಾನೇ ಇಡುತ್ತಿದ್ದೆ, ನೀನು ಬಂದು ಪಕ್ಕದಲ್ಲಿ ಮಲಗಲಿ ಅಂತ. ಈ ಹಾಸಿಗೆಯಲ್ಲೂ ಒಂದು ಇಟ್ಟಿದ್ದೇನೆ. ಎಲ್ಲಿತ್ತು ಅಂತ ಭಾನುವಾರ ಫೋನ್ ಮಾಡಿ ಹೇಳು. ಹುಡುಕುವ ಮೊದಲೇ ನಿದ್ದೆ ಬಂದುಬಿಟ್ಟರೆ ಅದನ್ನೂ ಹೇಳು. ಫೋನ್ ನಾನೇ ಎತ್ತುತ್ತೇನೆ.